ಮಾವನ ಹರಕೆ, ಸೊಸೆಯ ಒಲೆ

ವೆಂಡೆಲ್ ಊರಿನ ಇಗರ್ಜಿಯ ಹೆಂಗಸರ ಕೂಟದಲ್ಲಿ ಬೀರಾಕಿನ ಮಾತು ಬಂದಾಗಲೆಲ್ಲ ಕೊನೆಯ ಮಾತು ಒಟೀಲಿಯಾ ಲೈಕಾಮಳದ್ದೇ ಆಗಿರುತ್ತಿತ್ತು. ಹಿಟ್ಟು ಎಷ್ಟು ಹೊತ್ತು ಉಬ್ಬಬೇಕು, ಎಲೆಕೋಸನ್ನು ಎಷ್ಟು ಸಣ್ಣಗೆ ಕೊಚ್ಚಬೇಕು, ಹೂರಣದ ನೀರನ್ನು ಎಲ್ಲಿಯವರೆಗೆ ಹಿಂಡಬೇಕು ಎಂಬುದನ್ನು ಅವಳು ಸಲಹೆಯ ದನಿಯಲ್ಲಿ ಹೇಳುತ್ತಿರಲಿಲ್ಲ, ತೀರ್ಪಿನ ದನಿಯಲ್ಲಿ ಹೇಳುತ್ತಿದ್ದಳು. ಎತ್ತರದ ಆಳು, ನೆಟ್ಟಗಿನ ಬೆನ್ನು, ಬಿಗಿದು ಕಟ್ಟಿದ ಕೂದಲು. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು. ಆದರೆ ಅವಳ ಅಡಿಗೆಮನೆಯಲ್ಲಿ ನಿಂತಾಗ ಊರಿನ ಮೇಷ್ಟರೂ ತಾವು ವಿದ್ಯಾರ್ಥಿ ಎಂಬಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು.

ಕ್ಯಾನ್ಸಸ್ಸಿನ ಆ ಬಯಲಿನಲ್ಲಿ ಬೀರಾಕ್ ಇಲ್ಲದ ಮನೆಯಿಲ್ಲ. ಅಜ್ಜ ಅಜ್ಜಿಯರು ರಷ್ಯಾದ ವೋಲ್ಗಾ ದಂಡೆಯಿಂದ ಹಡಗು ಹತ್ತುವಾಗ ಗೋಧಿಯ ಬೀಜದ ಜೊತೆಗೆ ತಂದ ವಿದ್ಯೆ ಅದು. ಹುರಿದ ದನದ ಕೈಮಾ, ಎಲೆಕೋಸು, ಈರುಳ್ಳಿ, ಧಾರಾಳವಾಗಿ ಕಾಳುಮೆಣಸು. ಇವನ್ನು ಉಬ್ಬಿದ ಹಿಟ್ಟಿನ ಚೌಕದೊಳಗಿಟ್ಟು, ನಾಲ್ಕು ಮೂಲೆಗಳನ್ನು ಸೇರಿಸಿ ಚಿವುಟಿ, ಚಿವುಟಿದ ಮಗ್ಗುಲು ಕೆಳಗಾಗುವಂತೆ ತಟ್ಟೆಯಲ್ಲಿಟ್ಟು ಬೇಯಿಸಬೇಕು. ಮುಷ್ಟಿಗಿಂತ ದಪ್ಪ, ಹೊಟ್ಟೆಗೆ ಕಲ್ಲಿನಂಥ ಆಧಾರ. ಪಟ್ಟಣದವರು ಅದನ್ನು ಸ್ಯಾಂಡ್‌ವಿಚ್ ಎನ್ನುತ್ತಾರೆ. ವೆಂಡೆಲ್‌ನಲ್ಲಿ ಹಾಗೆಂದರೆ ಹಿರಿಯರು ಕೆಮ್ಮಿ ಮುಖ ತಿರುಗಿಸುತ್ತಾರೆ.

ಒಟೀಲಿಯಾಳ ಮನೆಯಲ್ಲಿ ಶುಕ್ರವಾರ ಮಾತ್ರ ಎರಡು ಬಗೆಯ ಬೀರಾಕ್ ಬೇಯುತ್ತಿದ್ದವು. ಅದಕ್ಕೆ ಕಾರಣ ಅವಳ ಮಾವ ಇಗ್ನಾಟ್ಸರು ಹೊತ್ತಿದ್ದ ಹರಕೆ.

ಅವರ ಒಬ್ಬನೇ ಮಗ ಲೀನಸ್ ಕೊರಿಯಾ ಯುದ್ಧಕ್ಕೆ ಹೋದವನು ಚಳಿಗಾಲದ ಒಂದು ವಾರದಲ್ಲಿ ಕಾಣೆಯಾದನೆಂದು ತಂತಿ ಬಂದಿತ್ತು. ಆ ದಿನವೇ ಇಗ್ನಾಟ್ಸ್ ಇಗರ್ಜಿಯ ಹಾಸುಗಲ್ಲಿನ ಮೇಲೆ ಮಂಡಿಯೂರಿ, ಮಗ ಹಿಂದಿರುಗಿದರೆ ತಮ್ಮ ಉಸಿರಿರುವ ತನಕ ಯಾವ ಶುಕ್ರವಾರವೂ ಮಾಂಸ ಮುಟ್ಟುವುದಿಲ್ಲವೆಂದು ಹರಕೆ ಹೊತ್ತರು. ಆ ಕಾಲಕ್ಕೆ ಇಗರ್ಜಿಯ ಕಟ್ಟಳೆಯಂತೆ ಶುಕ್ರವಾರ ಎಲ್ಲರೂ ಮಾಂಸ ಬಿಡುತ್ತಿದ್ದರು. ಆದ್ದರಿಂದ ಅವರ ಹೆಂಡತಿ, ‘ಇದೂ ಒಂದು ಹರಕೆಯೇ?’ ಎಂದು ಕೇಳಿದ್ದಳಂತೆ. ‘ಎಲ್ಲರೂ ಬಿಟ್ಟರೂ ನಾನು ಬಿಡೋದಿಲ್ಲ’ ಎಂದಿದ್ದರಂತೆ ಇಗ್ನಾಟ್ಸ್. ಮೂವತ್ತಮೂರು ತಿಂಗಳ ಮೇಲೆ ಲೀನಸ್ ಸೆರೆಯಿಂದ ಬಿಡುಗಡೆಯಾಗಿ, ಮೂಳೆಚಕ್ಕಳವಾಗಿ, ಆದರೆ ನಡೆದುಕೊಂಡೇ ಮನೆಗೆ ಬಂದ. ಮರುವರ್ಷ ಪಕ್ಕದ ಊರಿನ ಒಟೀಲಿಯಾಳನ್ನು ಮದುವೆಯಾದ. ಆ ಬಳಿಕ ಎಷ್ಟೋ ವರ್ಷಕ್ಕೆ ಬಿಷಪ್ಪರೇ ಶುಕ್ರವಾರದ ಕಟ್ಟನ್ನು ಸಡಿಲಿಸಿದರು. ಊರೆಲ್ಲ ಶುಕ್ರವಾರ ಸಾಸೇಜು ಹುರಿಯತೊಡಗಿದಾಗ ಇಗ್ನಾಟ್ಸ್ ಮಾತ್ರ ತಮ್ಮ ಮಾತಿಗೆ ನಿಂತರು. ತನ್ನ ಸಂಸಾರ, ತನ್ನ ಮಗಳು ಮೋನಿಕಾ, ಈ ಮನೆಯ ಒಲೆ, ಎಲ್ಲವೂ ಆ ಹರಕೆಯ ಫಲವೆಂದು ಒಟೀಲಿಯಾ ನಂಬಿದ್ದಳು. ಹಾಗಾಗಿ ಇಪ್ಪತ್ತು ವರ್ಷ, ಒಂದು ಶುಕ್ರವಾರವೂ ತಪ್ಪದೆ, ಮಾವನಿಗೆಂದು ಆಲೂಗಡ್ಡೆ ಮತ್ತು ಎಲೆಕೋಸಿನ ಬೀರಾಕುಗಳನ್ನು ಬೇರೆಯಾಗಿ ಮಾಡಿದಳು.

ಮಾವನಾದರೋ ಒಂದು ದಿನವೂ ಹೊಗಳಿದವರಲ್ಲ. ಅವರ ಅತ್ಯುಚ್ಚ ಪ್ರಶಂಸೆ ‘ತಿನ್ನಬಹುದು’ ಎಂಬ ಒಂದೇ ಮಾತು. ತೀರಿಹೋದ ಅತ್ತೆಯ ಬೀರಾಕುಗಳು ಆ ಮನೆಯಲ್ಲಿ ಸಂತರ ಅಸ್ಥಿಯ ಹಾಗೆ ಪೂಜ್ಯವಾಗಿದ್ದವು. ಮಾವನ ತಂಗಿ ಅಗಾಥಾ, ಮದುವೆಯಾಗದೆ ಅಣ್ಣನ ಮನೆಯಲ್ಲೇ ಮುದುಕಿಯಾದವಳು, ಆ ಹೋಲಿಕೆಯನ್ನು ಬಾಡಲು ಬಿಡುತ್ತಿರಲಿಲ್ಲ.

“ನಮ್ಮತ್ತಿಗೆ ಮಾಡಿದ್ದು ಬಾಯಲ್ಲಿಟ್ರೆ ಕರಗೋದು. ನಿನ್ನದನ್ನ ಅಗಿಬೇಕಲ್ಲೇ ಒಟೀಲಿಯಾ.”

“ನಿಮಗಾಗ ಹಲ್ಲಿತ್ತು ಅತ್ತೆ. ಈಗಿಲ್ಲ. ಅದಕ್ಕೆ ನನ್ನ ಹಿಟ್ಟು ಏನ್ ಮಾಡುತ್ತೆ?”

ಬೆಂದ ಬೀರಾಕುಗಳನ್ನು ಹೊರಗಿನಿಂದ ನೋಡಿ ಒಳಗೇನಿದೆಯೆಂದು ಹೇಳುವುದು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ಒಟೀಲಿಯಾ ಮಾವನ ಪಾಲಿನ ಆರಕ್ಕೆ ಫೋರ್ಕಿನಿಂದ ಮೂರು ಸಲ ಚುಚ್ಚಿ ಗುರುತು ಮಾಡುತ್ತಿದ್ದಳು. ಈ ಚುಚ್ಚುವಿಕೆಗೊಂದು ಸಮಯವಿದೆ. ಹೂರಣ ತುಂಬಿದ ಮೇಲೆ ಹಿಟ್ಟು ಎರಡನೆಯ ಬಾರಿ ಉಬ್ಬುತ್ತದೆ. ಉಬ್ಬಿದ ನಂತರ, ಒಲೆಗಿಡುವ ಮುನ್ನ ಚುಚ್ಚಿದರೆ ಗುರುತು ಉಳಿಯುತ್ತದೆ. ಅದಕ್ಕೆ ಮೊದಲೇ ಚುಚ್ಚಿದರೆ ಹಿಟ್ಟು ಗಾಯ ಮಾಯುವಂತೆ ಮಾಯಿಸಿಕೊಂಡು ಬಿಡುತ್ತದೆ. ಇದನ್ನು ಅವಳು ಎಷ್ಟೋ ಹುಡುಗಿಯರಿಗೆ ಕಲಿಸಿದ್ದಳು.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಮೇ ತಿಂಗಳಿನ ಒಂದು ಶುಕ್ರವಾರ, ಅವಳು ಎರಡನೆಯ ತಟ್ಟೆಯಲ್ಲಿ ಕೊನೆಯ ಬೀರಾಕನ್ನಿಡುತ್ತಿದ್ದಾಗ ಫೋನ್ ಬಡಿದುಕೊಂಡಿತು. ಸಲೈನಾದಲ್ಲಿದ್ದ ಮಗಳು ಮೋನಿಕಾ ತಾನು ಬಸುರಿಯೆಂದು ಹೇಳಲು ಫೋನ್ ಮಾಡಿದ್ದಳು. ಮಾತು ಉದ್ದವಾಗುವುದು ಖಚಿತವೆಂದು ಕಂಡು ಒಟೀಲಿಯಾ, ಕೊರಳು ಮತ್ತು ಭುಜದ ನಡುವೆ ಫೋನನ್ನು ಸಿಕ್ಕಿಸಿಕೊಂಡೇ, ಮರೆಯಬಾರದೆಂಬ ಒಂದೇ ಯೋಚನೆಯಿಂದ ಮಾವನ ಆರನ್ನೂ ಆಗಲೇ ಚುಚ್ಚಿಬಿಟ್ಟಳು. ಒಲೆಯ ಹಿಂಭಾಗ ಹೆಚ್ಚು ಕಾವು. ಅರ್ಧ ಬೆಂದ ಮೇಲೆ ತಟ್ಟೆಯನ್ನು ಹಿಂದುಮುಂದಾಗಿ ತಿರುಗಿಸುವುದು ಅವಳ ಕೈಗಂಟಿದ ರೂಢಿ. ಅಂದು ತಿರುಗಿಸಿದಳೋ ಇಲ್ಲವೋ, ಅವಳಿಗೆ ನೆನಪಾಗಲಿಲ್ಲ. ಅಜ್ಜಿಯಾಗುವ ಸಂತೋಷ ಅವಳ ತಲೆಯನ್ನು ತುಂಬಿತ್ತು.

ಮೊದಲ ತಟ್ಟೆಯ ಹನ್ನೆರಡೂ ಮಾಂಸದವು; ಅದರಲ್ಲಿ ಸಂಶಯವಿಲ್ಲ. ಎರಡನೆಯ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ಮಾಂಸದವು ಆರು, ಇನ್ನೊಂದು ಮಗ್ಗುಲಿಗೆ ಮಾವನವು ಆರು; ತಟ್ಟೆ ತಿರುಗಿದ್ದರೆ ಎಡಬಲ ಅದಲುಬದಲು. ಹನ್ನೆರಡೂ ಕಂದುಗೆಂಪಾಗಿ, ಒಂದೇ ಒಂದು ಚುಕ್ಕೆಯಿಲ್ಲದೆ ಹೊಳೆಯುತ್ತಿದ್ದವು.

ಒಂದನ್ನು ಮುರಿದು ನೋಡಿದ್ದರೆ ಸಾಕಿತ್ತು. ಆದರೆ ಪಕ್ಕದಲ್ಲೇ ಅಗಾಥಾ ಕೂತು ಬಟಾಣಿ ಸುಲಿಯುತ್ತಿದ್ದಳು. ಒಟೀಲಿಯಾ ತಾನು ಮಾಡಿದ್ದನ್ನು ತಾನೇ ಗುರುತಿಸಲಾರದೆ ಮುರಿದು ನೋಡಿದಳೆಂಬುದು ಭಾನುವಾರದ ಪೂಜೆಯ ಹೊತ್ತಿಗೆ ಊರಿಗೆಲ್ಲ ತಿಳಿಯುತ್ತಿತ್ತು. ಒಟೀಲಿಯಾ ಎರಡೂ ಕಡೆಯಿಂದ ಒಂದೊಂದನ್ನೆತ್ತಿ ಅಂಗೈಯಲ್ಲಿ ತೂಗಿದಳು. ಆಲೂಗಡ್ಡೆಯದು ಭಾರ. ಎಡಗಡೆಯದೇ ಭಾರವೆನಿಸಿತು. ಆ ಬದಿಯವುಗಳ ಮೇಲೆ ಬೆಣ್ಣೆ ಸವರಿ, ಒಂದನ್ನು ಮಾವನ ತಟ್ಟೆಗೆ ಹಾಕಿದಳು.

ಪ್ರಾರ್ಥನೆಯಾಯಿತು. ಎಲ್ಲರಿಗೂ ಬಡಿಸಿ, ಕೊನೆಗೆ ಕೂತು, ಬಲಗಡೆಯ ಒಂದನ್ನು ತನಗೆ ಹಾಕಿಕೊಂಡು ಒಟೀಲಿಯಾ ಕಚ್ಚಿದಳು. ಬಾಯಿಗೆ ಸಿಕ್ಕಿದ್ದು ಆಲೂಗಡ್ಡೆ.

ಅವಳು ತಲೆಯೆತ್ತಿ ಮೇಜಿನ ತುದಿಗೆ ನೋಡಿದಳು. ಮಾವ ತಮ್ಮದನ್ನು ಆಗಲೇ ಅರ್ಧಕ್ಕಿಂತ ಹೆಚ್ಚು ತಿಂದಿದ್ದರು. ಅವಳ ನಾಲಿಗೆಯ ತುದಿಗೆ ‘ಪಾಪಾ, ನಿಲ್ಲಿಸಿ’ ಎಂಬ ಮಾತು ಬಂದಿತ್ತು. ಆಗ ಇಗ್ನಾಟ್ಸ್ ಅಗಿಯುವುದನ್ನು ನಿಲ್ಲಿಸಿ, ಕೈಯಲ್ಲಿದ್ದುದನ್ನು ಒಂದು ಕ್ಷಣ ನೋಡಿ, ತುಟಿ ಒರೆಸಿಕೊಂಡರು.

“ಒಟೀಲಿಯಾ, ಇದು ನಮ್ಮವಳ ಕೈಯಡಿಗೆ ಹಾಗಿದೆ.”

ಲೀನಸ್ ಹೆಂಡತಿಯತ್ತ ನೋಡಿ ಹುಬ್ಬು ಹಾರಿಸಿದ.

“ಅಣ್ಣ, ಜ್ವರಗಿರ ಬಂದಿದ್ಯಾ?” ಎಂದಳು ಅಗಾಥಾ.

“ನೀನು ಸುಮ್ನೆ ತಿನ್ನು. ಒಟೀಲಿಯಾ, ಇನ್ನೊಂದು ಹಾಕು.”

ಇಪ್ಪತ್ತು ವರ್ಷ ಕಾದ ಮಾತು ಅದು. ಅದನ್ನು ಕೇಳಿದ ಗಳಿಗೆಯಲ್ಲೇ ತಾನೇ ಹೊಸಕಿ ಹಾಕುವ ಶಕ್ತಿ ಅವಳಲ್ಲಿ ಇರಲಿಲ್ಲ. ಅವಳು ಎದ್ದಳು. ಎಡಗಡೆಯ ಇನ್ನೊಂದು ಬೀರಾಕನ್ನೆತ್ತಿ, ಒಳಗೇನಿದೆಯೆಂದು ಚೆನ್ನಾಗಿ ತಿಳಿದೇ, ಮಾವನ ತಟ್ಟೆಗೆ ಹಾಕಿದಳು. ಮೊದಲನೆಯದು ಕೈತಪ್ಪು. ಎರಡನೆಯದಕ್ಕೆ ಆ ಹೆಸರು ಹೊಂದುವುದಿಲ್ಲವೆಂದು ಅವಳಿಗೆ ಆಗಲೇ ಗೊತ್ತಿತ್ತು.

ಮರುದಿನ ಶನಿವಾರ, ಪಾಪನಿವೇದನೆಯ ದಿನ. ವೆಂಡೆಲ್‌ನ ಪಾದ್ರಿ ಫಾದರ್ ಬೋನಿಫಾಸರಿಗೆ ಕಿವಿ ಮಂದ. ಅವರ ಮುಂದೆ ಪಾಪ ಹೇಳಿಕೊಳ್ಳುವವರು ಕೂಗಿಯೇ ಹೇಳಬೇಕಿತ್ತು. ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುತ್ತಿತ್ತು. ಹೀಗಾಗಿ ಊರಿನವರು ದೊಡ್ಡ ಪಾಪಗಳನ್ನು ಕಾರಿನಲ್ಲಿ ಪಟ್ಟಣಕ್ಕೆ ಒಯ್ಯುತ್ತಿದ್ದರು, ಸಣ್ಣವನ್ನು ಮಾತ್ರ ಬೋನಿಫಾಸರಿಗೆ ಕೊಡುತ್ತಿದ್ದರು. ಒಟೀಲಿಯಾ ಮಂಡಿಯೂರಿದಳು.

“ಫಾದರ್, ಅತ್ತೆ ಮೇಲೆ ಎರಡು ಸಲ ಸಿಟ್ಟು ಮಾಡ್ಕೊಂಡೆ.”

“ಏನು? ಜೋರಾಗಿ ಹೇಳಮ್ಮ.”

“ಅತ್ತೆ ಮೇಲೆ ಸಿಟ್ಟು!”

“ಅಗಾಥಾ ಮೇಲಾ? ಅದು ಪಾಪ ಅಲ್ಲ, ಹವಾಮಾನ. ಮತ್ತೇನಾದ್ರೂ ಇದ್ಯಾ?”

ಹೊರಗೆ ಯಾರೋ ಕಿಸಕ್ಕನೆ ನಕ್ಕರು. “ಇಲ್ಲ ಫಾದರ್” ಎಂದಳು ಒಟೀಲಿಯಾ. ಅದು ಎರಡನೆಯ ಸುಳ್ಳಾಯಿತು. ಪಟ್ಟಣದ ಇಗರ್ಜಿಗೆ ಹೋಗಲೂ ಅವಳಿಗೆ ಮುಖವಿರಲಿಲ್ಲ. ಪಟ್ಟಣಕ್ಕೆ ಏಕೆಂದು ಲೀನಸ್ ಕೇಳಿದರೆ ಮೂರನೆಯದನ್ನು ಹೇಳಬೇಕಾಗುತ್ತಿತ್ತು. ಮುಂದಿನ ಶುಕ್ರವಾರಗಳಲ್ಲಿ ಅವಳು ಮಾವನ ಬೀರಾಕುಗಳನ್ನು ಬೇರೆಯೇ ತಟ್ಟೆಯಲ್ಲಿ ಬೇಯಿಸಿದಳು. ಮಾವ ಅವುಗಳನ್ನು ತಿಂದು ಎಂದಿನಂತೆ ‘ತಿನ್ನಬಹುದು’ ಎಂದರು. ಆ ಮಾತು ಬಂದಾಗಲೆಲ್ಲ ಅವಳ ಕಿವಿ ಕಾದುಹೋಗುತ್ತಿತ್ತು.

ಜೂನ್ ಕೊನೆಗೆ ಗೋಧಿ ಮಾಗಿತು. ಕೊಯ್ಲಿನ ನಾಲ್ಕನೆಯ ದಿನ, ಮಂಗಳವಾರ, ಕಾಳನ್ನು ಕಣಜಕ್ಕೆ ಏರಿಸುವ ಯಂತ್ರದ ಬೆಲ್ಟಿಗೆ ಲೀನಸ್‌ನ ಎಡಗೈ ಸಿಕ್ಕಿತು. ಎರಡು ಬೆರಳು ಹೋದವು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಒಟೀಲಿಯಾ ತನ್ನ ಬಲಗೈಯನ್ನು ಮಡಿಲಲ್ಲಿಟ್ಟು ನೋಡುತ್ತಿದ್ದಳು. ಎರಡನೆಯ ಬೀರಾಕನ್ನು ಎತ್ತಿ ಹಾಕಿದ ಕೈ ಇದು. ಯಾರಿಗಾಗಿ ಹರಕೆ ಹೊತ್ತಿದ್ದರೋ ಅವನ ಮೈಯಿಂದಲೇ ಹರಕೆ ತನ್ನ ಬಾಕಿಯನ್ನು ಕಿತ್ತುಕೊಂಡಿತು. ಬೇರೆ ಯಾವ ಕಾರಣವೂ ಅವಳಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಅದನ್ನು ನೆಪವೆಂದು ತಳ್ಳಿಹಾಕುತ್ತಿದ್ದಳು. ಇಗ್ನಾಟ್ಸ್ ಪಕ್ಕದಲ್ಲಿ ಕೂತಿದ್ದರು. ಮೂರು ದಿನ ಅವರು ಕಾಫಿಯನ್ನು ಬಿಟ್ಟರೆ ಬೇರೇನನ್ನೂ ಮುಟ್ಟಲಿಲ್ಲ. ಮುದುಕ ಮಗನ ಸಂಕಟದಿಂದ ಕೊರಗುತ್ತಿದ್ದಾರೆ ಎಂದು ಅವಳು ತಿಳಿದಳು. ಅವರ ಹರಕೆ ಮುರಿದಿದೆಯೆಂದು ತಿಳಿಸದೆ ಅವರ ಪಕ್ಕದಲ್ಲಿ ಕೂರುವುದು ಅವಳಿಗೆ ಕೆಂಡದ ಮೇಲೆ ಕೂತಂತಿತ್ತು. ತಿಳಿಸಿದರೆ, ತಮ್ಮ ಬಾಯಿಂದಲೇ ಮಗನ ಬೆರಳು ಹೋಯಿತೆಂದು ಮುದುಕ ಎದೆಯೊಡೆದುಕೊಳ್ಳಬಹುದು. ತಿಳಿಸದಿದ್ದರೆ ಇನ್ನೇನು ಬರಲಿದೆಯೋ. ಮೋನಿಕಾಳ ಬಸಿರಿಗೆ ಐದು ತಿಂಗಳಾಗಿತ್ತು.

ಗುರುವಾರ ಲೀನಸ್‌ನನ್ನು ಮನೆಗೆ ಕರೆತಂದರು. ಶುಕ್ರವಾರ ಬೆಳಗಾಗುವಷ್ಟರಲ್ಲಿ ಸುತ್ತಲಿನ ಹೊಲಗಳವರು ತಮ್ಮ ಕೊಯ್ಲನ್ನು ನಿಲ್ಲಿಸಿ, ಆರು ಕೊಯ್ಲು ಯಂತ್ರಗಳೊಂದಿಗೆ ಲೈಕಾಮರ ಗೋಧಿಗೆ ಇಳಿದರು. ಯಾರೂ ಕರೆದಿರಲಿಲ್ಲ, ಕರೆಯುವ ಪದ್ಧತಿಯೂ ಅಲ್ಲಿಲ್ಲ. ಊಟ ಮಾತ್ರ ಹೊಲದೊಡೆಯರದು. ಹದಿನೆಂಟು ಗಂಡಸರು. ಒಟೀಲಿಯಾ ಮುಂಜಾನೆಯೇ ಹಿಟ್ಟು ನಾದಿ, ದೊಡ್ಡ ಹಂಡೆಯಲ್ಲಿ ಕೈಮಾ ಹುರಿದು, ಎಲೆಕೋಸು ಬೆರೆಸಿ ಆರಲು ಇಟ್ಟಳು. ಮಾವನಿಗೆಂದು ಆಲೂಗಡ್ಡೆಯನ್ನು ಕೈಗೆತ್ತಿಕೊಂಡಾಗ ಚಾಕು ಕೈಜಾರಿ ನೆಲಕ್ಕೆ ಬಿತ್ತು.

ಇಗ್ನಾಟ್ಸ್ ಬಾಗಿಲಲ್ಲಿ ನಿಂತಿದ್ದರು. ಅಡಿಗೆಯ ಹೊತ್ತಿನಲ್ಲಿ ಅವರು ಅಲ್ಲಿಗೆ ಬಂದದ್ದೇ ಇಲ್ಲ.

“ನನಗೆ ಬೇರೆ ಮಾಡ್ಬೇಡ. ಬ್ರೆಡ್ಡು ಸಾಕು.”

“ಪಾಪಾ, ಸ್ವಲ್ಪ ಒಳಗೆ ಬನ್ನಿ. ಒಂದು ಮಾತಿದೆ.”

ಅವರು ಒಳಗೆ ಬಂದರು, ಕೂರಲಿಲ್ಲ. ಒಟೀಲಿಯಾ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

“ಮೋನಿಕಾ ಬಸುರಿ ಅಂತ ಫೋನ್ ಬಂತಲ್ಲ, ಆ ಶುಕ್ರವಾರ. ಗುರುತು ಮುಚ್ಚಿಹೋಗಿತ್ತು. ನಿಮಗೆ ಹಾಕಿದ್ದು ಮಾಂಸದ್ದು.”

ಮಾವ ನೆಲದ ಮೇಲಿದ್ದ ಚಾಕುವನ್ನೆತ್ತಿ ಮೇಜಿನ ಮೇಲಿಟ್ಟರು.

“ಮೊದಲ್ನೇದು ನನಗೂ ಗೊತ್ತಿರ್ಲಿಲ್ಲ, ದೇವರಾಣೆ. ಎರಡನೇದು ಗೊತ್ತಿದ್ದೇ ಹಾಕ್ದೆ. ಅತ್ತೆ ಕೈಯಡಿಗೆ ಹಾಗಿದೆ ಅಂದ್ರಲ್ಲ ನೀವು. ಬಾಯಿ ಬರ್ಲಿಲ್ಲ ಪಾಪಾ. ನಿಮ್ಮ ಹರಕೆ ನಾನು ಮುರಿದೆ. ಲೀನಸ್ ಕೈ ನಾನೇ...”

“ಎಷ್ಟು ತಿಂದೆ ನಾನು?”

“ಎರಡು.”

“ಮೂರು,” ಎಂದರು ಇಗ್ನಾಟ್ಸ್.

ಅವಳಿಗೆ ಅರ್ಥವಾಗಲಿಲ್ಲ.

“ಅವತ್ತು ಊಟ ಆದ್ಮೇಲೆ ನೀನು ಕೋಳಿಗೂಡು ಮುಚ್ಚೋಕೆ ಹೋದ್ಯಲ್ಲ, ಆಗ ಬಟ್ಟೆ ಸರಿಸಿ ಒಂದು ಎತ್ಕೊಂಡೆ. ಕೊಟ್ಟಿಗೆ ಹಿಂದೆ ನಿಂತು ತಿಂದೆ. ಎಪ್ಪತ್ನಾಲ್ಕು ವರ್ಷದ ಗಂಡಸು, ಕಳ್ಳನಾಯಿ ಥರ.”

“ಹಾಗಾದ್ರೆ ನಿಮಗೆ ಗೊತ್ತಿತ್ತಾ?”

“ದನಕ್ಕೂ ಆಲೂಗಡ್ಡೆಗೂ ವ್ಯತ್ಯಾಸ ಗೊತ್ತಾಗದೆ ಇರೋಕೆ ನನ್ನ ನಾಲಿಗೆ ಬಿದ್ದುಹೋಗಿದ್ಯಾ? ಅರ್ಧ ತಿನ್ನೋವಾಗ್ಲೇ ಗೊತ್ತಾಯ್ತು. ಬೆಲ್ಟಿಗೆ ಅವನ ಕೈ ಹೋಯ್ತು ಅಂತ ಕೇಳಿದಾಗ, ಸರಿ, ಇಗ್ನಾಟ್ಸ್, ನಿನ್ನ ಮೂರು ಬೀರಾಕಿಗೆ ಇದು ಅಂದ್ಕೊಂಡೆ.”

ಒಂದೇ ಸೂರಿನಡಿ, ಒಂದೇ ಮೇಜಿನ ಎರಡು ತುದಿಗಳಲ್ಲಿ, ಇಬ್ಬರೂ ಆರು ವಾರಗಳಿಂದ ಒಂದೇ ಮೂಟೆಯನ್ನು ಹೊತ್ತು ಕೂತಿದ್ದರು. ಒಟೀಲಿಯಾ ಕೇಳಬಾರದ ಪ್ರಶ್ನೆಯನ್ನು ಕೇಳಿದಳು. ಆ ಗಳಿಗೆಯಲ್ಲೂ ಅವಳಿಗೆ ಅದು ಬೇಕಾಗಿತ್ತು; ಅದಕ್ಕಾಗಿ ಮುಂದೆ ಬಹಳ ದಿನ ನಾಚಿಕೊಂಡಳು.

“ಅತ್ತೆ ಕೈಯಡಿಗೆ ಹಾಗಿದೆ ಅಂದಿದ್ದು?”

ಮುದುಕ ಟೋಪಿಯ ಅಂಚನ್ನು ತಿರುಗಿಸಿದರು.

“ಇನ್ನೊಂದು ಸಿಗ್ಲಿ ಅಂತ ಅಂದೆ.”

ಇಷ್ಟು ಹೇಳಿ ಅವರು ಹೊರಟುಹೋದರು. ಒಟೀಲಿಯಾ ನಿಂತಲ್ಲೇ ನಿಂತಿದ್ದಳು. ಯಾವುದನ್ನು ಕಳೆದುಕೊಳ್ಳಲಾರದೆ ಅವಳು ಹರಕೆಯನ್ನೇ ಬಲಿಗೊಟ್ಟಳೋ ಆ ಹೊಗಳಿಕೆಗೆ ಮುದುಕನ ನಾಲಿಗೆಚಪಲವನ್ನು ಬಿಟ್ಟರೆ ಬೇರೆ ಬುಡವಿರಲಿಲ್ಲ. ಅಳುವುದಕ್ಕೆ ಹೊತ್ತಿರಲಿಲ್ಲ. ಹಿಟ್ಟು ಉಬ್ಬಿ ಬೋಗುಣಿಯ ಅಂಚು ದಾಟುತ್ತಿತ್ತು.

ಊಟಕ್ಕೆ ಅಂಗಳದ ಎಲ್ಮ್ ಮರಗಳ ಕೆಳಗೆ ಹಲಗೆ ಹಾಸಿದ್ದರು. ಹದಿನೆಂಟು ಗಂಡಸರು ಹೊಟ್ಟಿನ ಧೂಳನ್ನು ಕೊಡವಿ ಕೂತರು. ಲೀನಸ್ ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಹಲಗೆಯ ತುದಿಯಲ್ಲಿ ಕೂತಿದ್ದ. ಪ್ರಾರ್ಥನೆ ಮುಗಿದರೂ ಇಗ್ನಾಟ್ಸ್ ಕೂರಲಿಲ್ಲ.

“ನಿಮ್ಮೆಲ್ಲರಿಗೂ ನನ್ನ ಹರಕೆ ಗೊತ್ತು. ಅದನ್ನ ನಾನು ಮುರಿದೆ. ಮೇ ತಿಂಗಳಲ್ಲಿ, ಶುಕ್ರವಾರ, ಗೊತ್ತಿದ್ದೇ ಮಾಂಸ ತಿಂದೆ. ಲೀನಸ್, ನಿನ್ನ ಕೈಗೆ ನಾನು ಕಾರಣ. ಬೇರೆ ಯಾರೂ ಅಲ್ಲ.”

ಬೇರೆ ಯಾರೂ ಅಲ್ಲ. ಮುದುಕ ಅವಳ ಕಡೆಗೆ ಕಣ್ಣು ಸಹ ಹಾಯಿಸದೆ ಅವಳ ಪಾಲನ್ನೂ ತಮ್ಮ ಹೆಗಲಿಗೆ ಎಳೆದುಕೊಂಡಿದ್ದರು. ಒಟೀಲಿಯಾ ತಟ್ಟೆ ಹಿಡಿದು ಅವರ ಬೆನ್ನ ಹಿಂದೆಯೇ ನಿಂತಿದ್ದಳು. ಈಗ ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಅವಳಿಗೆ ಅಭ್ಯಾಸವೂ ಆಗಿತ್ತು. ಆದರೆ ಇನ್ನೊಮ್ಮೆ ಸುಮ್ಮನಿದ್ದರೆ ತಾನು ಈ ಮನೆಯಲ್ಲಿ ತಲೆಯೆತ್ತಿ ನಡೆಯಲಾರೆನೆಂದು ಅವಳಿಗೆ ಅನಿಸಿತು.

“ಎರಡನೇದನ್ನ ಬಡಿಸಿದ್ದು ನಾನು,” ಎಂದಳು. ದನಿ ಅವಳೆಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. “ನನ್ನ ಗುರುತು ತಪ್ಪಿತ್ತು. ಗೊತ್ತಾದ ಮೇಲೂ ಹೇಳ್ಲಿಲ್ಲ. ಹೊಗಳಿಕೆ ಆಸೆಗೆ ಬಡಿಸಿದೆ.”

ಕೊಯ್ಲಿಗೆ ಬಂದವರು ತಮ್ಮ ತಟ್ಟೆಗಳನ್ನು ನೋಡುತ್ತ ಕೂತರು. ಅಗಾಥಾಳೇ ಮೊದಲು ಬಾಯಿಬಿಟ್ಟಳು.

“ಅದಕ್ಕೇ! ನಾನಂದೆ, ಇವಳ ಆಲೂಗಡ್ಡೆಯನ್ನ ಇವನ್ಯಾಕೆ ಹೊಗಳ್ದ ಅಂತ!”

ಲೀನಸ್ ತಂದೆಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಆಮೇಲೆ ತನ್ನ ಕೈಯ ಬಟ್ಟೆಯನ್ನು ನೋಡಿದ.

“ಬೆಲ್ಟಿನ ಮೇಲಿನ ತಗಡಿನ ಮುಚ್ಚಳ ಬಿಚ್ಚಿ ಬಿಸಾಕಿದ್ದು ನಾನು. ಪದೇ ಪದೇ ತೆಗೆಯೋದು ಯಾರು ಅಂತ ಸೋಮಾರಿತನ. ನನ್ನ ಬೆರಳು ತಿಂದಿದ್ದು ಬೆಲ್ಟು ಕಣ್ರಪ್ಪ. ಪಾಪಾ ತಿಂದಿದ್ದು ಬರೀ ಬೀರಾಕು. ಕೂತ್ಕೊಳ್ಳಿ, ತಣ್ಣಗಾಗುತ್ತೆ.”

ಯಾರೋ ನಕ್ಕರು, ಬಳಿಕ ಎಲ್ಲರೂ ನಕ್ಕರು. ಇಗ್ನಾಟ್ಸ್ ನಗಲಿಲ್ಲ. ಅವರು ಕೂತು ಒಣ ಬ್ರೆಡ್ಡನ್ನು ಮುರಿದುಕೊಂಡರು. ಒಟೀಲಿಯಾಳೂ ನಗಲಿಲ್ಲ. ಗಂಡ ತನ್ನನ್ನು ಮನ್ನಿಸಿದ್ದಾನೆಂದು ಅವಳಿಗೆ ತಿಳಿದಿತ್ತು. ಆದರೆ ಒಂದೇ ಕೈಯಿಂದ ಬೀರಾಕನ್ನು ಬಾಯಿಗೆ ತರುತ್ತಿದ್ದ ಅವನನ್ನು ನೋಡುತ್ತ, ಅವನ ಲೆಕ್ಕ ಬೇರೆ, ತನ್ನ ಲೆಕ್ಕ ಬೇರೆ ಎಂದುಕೊಂಡಳು.

ನವೆಂಬರಿನಲ್ಲಿ ಮೋನಿಕಾ ಗಂಡುಮಗುವನ್ನು ಹೆತ್ತಳು. ತಾಯಿ ಮಗು ಇಬ್ಬರೂ ಸುಖವಾಗಿದ್ದರು. ಇಗ್ನಾಟ್ಸ್ ಇನ್ನೂ ಏಳು ವರ್ಷ ಬದುಕಿದರು, ಇನ್ನೊಂದು ಶುಕ್ರವಾರವೂ ತಪ್ಪಲಿಲ್ಲ. ಅವರನ್ನು ಮಣ್ಣು ಮಾಡಿದ ವಾರದಿಂದ ಒಟೀಲಿಯಾ ಶುಕ್ರವಾರ ಮಾಂಸ ಬಿಟ್ಟಳು. ಏಕೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅವಳ ಬೀರಾಕುಗಳ ಕೀರ್ತಿ ಮಾತ್ರ ಕುಗ್ಗಲಿಲ್ಲ. ಊರಿನಲ್ಲಿ ಸಾವಾಗಲಿ, ಮದುವೆಯಾಗಲಿ, ಕೊಯ್ಲಾಗಲಿ ಅವಳ ತಟ್ಟೆಗಳೇ ಮೊದಲು ಬರಿದಾಗುತ್ತಿದ್ದವು. ಆದರೆ ಒಂದು ದೂರು ಇತ್ತು. ಬೇರೆ ಊರುಗಳಿಂದ ಮದುವೆಯಾಗಿ ಬಂದ ಹೊಸ ಸೊಸೆಯಂದಿರು ತಮ್ಮೊಳಗೆ ಅದನ್ನು ಆಡಿಕೊಳ್ಳುತ್ತಿದ್ದರು: ಒಟೀಲಿಯಾ ಲೈಕಾಮಳದ್ದು ಒಳ್ಳೆಯ ಕೈ, ಆದರೆ ಜಿಪುಣ ಕೈ. ಮೊದಲನೆಯದನ್ನು ಬಿಸಿಬಿಸಿಯಾಗಿ ತಾನೇ ತಟ್ಟೆಗೆ ತಂದು ಹಾಕುತ್ತಾಳೆ. ಚೆನ್ನಾಗಿದೆ, ಇನ್ನೊಂದು ಹಾಕಿ ಎಂದರೆ ಮಾತ್ರ ಆ ಹೆಂಗಸು ಕೈಗಳನ್ನು ಏಪ್ರನ್ನಿನೊಳಗೆ ಸೇರಿಸಿಕೊಂಡು, ಮೇಜಿನ ಮೇಲಿನ ತಟ್ಟೆಯನ್ನು ಗಲ್ಲದಿಂದ ತೋರಿಸಿ, “ಅಲ್ಲಿದೆ, ಬೇಕಾದ್ರೆ ನೀವೇ ತಗೊಳ್ಳಿ” ಎಂದುಬಿಡುತ್ತಾಳೆ.